ಫಾರಂ ಬದಿಗಿಟ್ಟು ಸೋಲಿಗರ ಅಜ್ಜಿಯರ ಒಲೆ ಮುಂದೆ ಕೂತೆ: ನನ್ನ ಅನುಭವ

ಮೊನ್ನೆ ಒಂದು ಮೀಟಿಂಗಿನಲ್ಲಿ ಒಬ್ಬ ಮನೋವೈದ್ಯರು ನನ್ನ ನೋಟ್‌ಬುಕ್ ಇಸ್ಕೊಂಡು ಹತ್ತು ನಿಮಿಷ ತಿರುವಿ ಹಾಕಿದರು. ಸೋಲಿಗ ಹೆಂಗಸರ ಮನಸ್ಸಿನ ಕಷ್ಟಕ್ಕೆ ಅವರ ಅಜ್ಜಿಯರು, ಹಿರಿಯರ ಮೂಲಕವೇ ದಾರಿ ಹುಡುಕಿದ ಟಿಪ್ಪಣಿಗಳು ಅವು. ಆಮೇಲೆ "ಇದನ್ನ ಬರೆದಿಡಿ, ಬೇರೆಯವರಿಗೂ ಬೇಕಾಗುತ್ತೆ" ಅಂದರು. ನಾಲ್ಕು ವರ್ಷದ ಹಿಂದೆ "ಕುಲದ ನ್ಯಾಯ ಕಟ್ಟಿಕೊಂಡು ಡಿಪ್ರೆಶನ್ ವಾಸಿ ಮಾಡ್ತೀರಾ?" ಅಂತ ಕೇಳಿದವರೂ ಅವರೇ. ಕುಲದ ನ್ಯಾಯ ಅಂದರೆ ಕುಲದ ಹಿರಿಯರು ಸೇರಿ ಮಾಡುವ ಪಂಚಾಯ್ತಿ. ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಿಳಿಗಿರಿರಂಗನ ಬೆಟ್ಟದ ಸುತ್ತಿನ ಸೋಲಿಗ ಆದಿವಾಸಿಗಳ ಪೋಡುಗಳಲ್ಲಿ, ಅಂದರೆ ಅವರ ಸಣ್ಣ ಊರುಗಳಲ್ಲಿ, ಕೌನ್ಸೆಲರ್ ಆಗಿ ಹೆಚ್ಚುಕಡಿಮೆ ಹನ್ನೊಂದು ವರ್ಷದಿಂದ ಓಡಾಡುತ್ತಿದ್ದೇನೆ. ಪಿ.ಎಚ್.ಕ್ಯೂ. (ಡಿಪ್ರೆಶನ್ ಅಳೆಯುವ ಒಂಬತ್ತು ಪ್ರಶ್ನೆಯ ಫಾರಂ) ಅಂದ್ರೇನು, ಡಿ.ಎಂ.ಎಚ್.ಪಿ. (ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ) ಹೇಗೆ ನಡೆಯುತ್ತೆ, ಸರ್ಕಾರದ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಯಾರನ್ನ ಕಳಿಸಬೇಕು, ಇವೆಲ್ಲ ಈ ಕೆಲಸದಲ್ಲಿರುವ ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ಸೋತಿದ್ದು ಹೇಳುತ್ತೇನೆ, ಯಾಕಂದ್ರೆ ದುಡ್ಡು ಜಾಸ್ತಿ ಹೋಗಿದ್ದು ಅಲ್ಲೇ.

ಮೊದಲ ವರ್ಷ ಮಾನಸಿಕ ಆರೋಗ್ಯ ಕ್ಯಾಂಪ್ ಮಾಡಿದೆವು. ಶಾಲೆಯ ಒಂದು ಕೋಣೆ, ಶಾಮಿಯಾನ, ಊಟ, ಮೈಸೂರಿನಿಂದ ಡಾಕ್ಟರ್ ಕರೆಸುವ ಕಾರು, ಬ್ಯಾನರ್. ಒಂದು ಕ್ಯಾಂಪಿಗೆ 22 ಸಾವಿರ ಹತ್ತಿರ ಆಯಿತು. ಮೂರು ಕ್ಯಾಂಪ್ ಮಾಡಿದೆವು. ಹೆಂಗಸರು ಬಂದರು, ಸಾಲಾಗಿ ಕೂತರು, ಒಂಬತ್ತು ಪ್ರಶ್ನೆಗೂ ಒಂದೇ ಉತ್ತರ ಕೊಟ್ಟರು. "ಏನೂ ಇಲ್ಲ ಕನವ್ವ, ಚೆಂದಾಗಿವ್ನಿ." ಮೂರು ಕ್ಯಾಂಪಿನಿಂದ ನಮಗೆ ಸಿಕ್ಕಿದ್ದು ಎರಡೋ ಮೂರೋ ಕೇಸು. ಅದೇ ಹೆಂಗಸರನ್ನು ಸಂಜೆ ನಲ್ಲಿ ಹತ್ತಿರ ನೋಡಿದರೆ ಮುಖದಲ್ಲಿ ಬೇರೆಯದೇ ಕಥೆ ಇರುತ್ತಿತ್ತು.

ಪ್ರಶ್ನೆಗಳಲ್ಲೂ ತಪ್ಪಿತ್ತು. 'ಆಸಕ್ತಿ ಕಡಿಮೆಯಾಗಿದೆಯೇ' ಅಂತ ಓದಿದರೆ ಯಾರಿಗೆ ಏನು ಅರ್ಥ ಆಗಬೇಕು? ಅವರು ಹೇಳುವುದು 'ಎದೆ ಭಾರ', 'ಕೈಕಾಲು ಏಳಲ್ಲ', 'ರಾತ್ರಿಯೆಲ್ಲ ತಲೆ ಓಡ್ತದೆ' ಅಂತ. ನಾನು ಪ್ರಶ್ನೆಗಳನ್ನು ಎರಡು ಸಲ ತಿದ್ದಿ ಬರೆದೆ. ಆದರೂ ಕೆಲಸ ಆಗಲಿಲ್ಲ. ಪದಗಳನ್ನು ಸರಿಮಾಡಿಕೊಂಡಿದ್ದೆ. ಕೇಳುವವಳು ಮಾತ್ರ ಫೈಲು ಹಿಡಿದು ಜೀಪಿನಲ್ಲಿ ಬಂದವಳೇ ಆಗಿದ್ದೆ.

ಎರಡನೇ ಸಲ ಸ್ವಸಹಾಯ ಸಂಘದ ಮೀಟಿಂಗಿಗೆ ಇದನ್ನು ಸೇರಿಸಿದೆ. ಅದು ಇನ್ನೂ ಕೆಟ್ಟ ಐಡಿಯಾ. ಸಾಲದ ಕಂತು ಕಟ್ಟುವ ಜಾಗದಲ್ಲಿ ಮನಸ್ಸಿನ ಮಾತು ಹೇಗೆ ಬರುತ್ತೆ? ಕಂತು ತಪ್ಪಿಸಿದವಳು ಮೀಟಿಂಗಿಗೇ ಬರುತ್ತಿರಲಿಲ್ಲ, ನಾನು ನೋಡಬೇಕಾಗಿದ್ದೋ ಅವಳನ್ನೇ. ಏಳೆಂಟು ತಿಂಗಳು ಹಾಳಾಯಿತು.

ಮೂರನೇದು ನನಗೆ ಈಗಲೂ ನೋವು ಕೊಡುವ ವಿಷಯ. ಕುಲದ ಮುಖ್ಯಸ್ಥರಾದ ಯಜಮಾನರ ಮೂಲಕ ಹೋದರೆ ಸರಿಯಾಗುತ್ತೆ ಅಂದುಕೊಂಡೆ. ಕುಡಿದು ಬಂದು ಹೊಡೆಯುವ ಗಂಡನ ಜೊತೆ ಬದುಕುತ್ತಿದ್ದ ಒಬ್ಬಳ ವಿಷಯವನ್ನು ನೇರ ನ್ಯಾಯಕ್ಕೆ ಇಟ್ಟೆವು. ಸುದ್ದಿ ಮುಟ್ಟಿಸುವ ಚಲುವಾದಿ ಹೋಗಿ ಎಲ್ಲರಿಗೂ ಹೇಳಿ ಬಂದ, ಹಿರಿಯರು ಸೇರಿದರು. ಗಂಡನಿಗೆ ತಪ್ಪು ದಂಡ ಹಾಕಿದರು. ದಂಡದ ದುಡ್ಡು ಕೊಟ್ಟಿದ್ದು ಯಾರು? ಅವಳೇ, ತನ್ನ ಕೂಲಿ ದುಡ್ಡಿನಿಂದ. ಇಡೀ ಪೋಡಿನ ಎದುರು ತನ್ನ ಮನೆ ವಿಷಯ ಬಿಚ್ಚಿದ್ದಕ್ಕೆ ಅವಳು ಎರಡು ತಿಂಗಳು ನನ್ನ ಮುಖ ನೋಡಲಿಲ್ಲ. ಆ ತಪ್ಪು ನನ್ನದು. ನ್ಯಾಯದ್ದಲ್ಲ. ನ್ಯಾಯ ಇರುವುದು ತೀರ್ಮಾನ ಮಾಡುವುದಕ್ಕೆ. ಕೇಳಿಸಿಕೊಳ್ಳುವ ಕೆಲಸವನ್ನು ಅದಕ್ಕೆ ಕೊಟ್ಟವಳು ನಾನು.

ಇಷ್ಟು ಆದಮೇಲೆ ಆರು ತಿಂಗಳು ಏನೂ ಮಾಡಲಿಲ್ಲ. ಸುಮ್ನೆ ಹೋಗಿ ಕೂರುತ್ತಿದ್ದೆ. ಪ್ರಾಜೆಕ್ಟ್ ದುಡ್ಡು ನಿಂತಿತ್ತು, ಸ್ಕೂಟಿ ಪೆಟ್ರೋಲ್ ನನ್ನದೇ.

ಆ ಆರು ತಿಂಗಳಲ್ಲಿ ಒಬ್ಬ ಅಜ್ಜಿ ಒಂದು ಮಾತು ಹೇಳಿದರು. ನಾನು ಅವರ ಒಲೆ ಮುಂದೆ ಕೂತು ರಾಗಿ ರೊಟ್ಟಿ ತಿನ್ನುತ್ತಿದ್ದೆ. "ಮುಂಚೆ ನೆಲ್ಲಿಕಾಯಿಗೆ ಹೋದ್ರೆ ಅಲ್ಲೇ ಅತ್ಕೊಂಡು ಬತ್ತಿದ್ದೊ ಕೂಸೇ. ಈಗ ಅಳಾಕೆ ಜಾಗ ಎಲ್ಲದೆ?" ಅಂದರು.

ನಾನು ರೊಟ್ಟಿ ಕೆಳಗಿಟ್ಟೆ.

ಯೋಚನೆ ಮಾಡಿ. 1974ರಲ್ಲಿ ವನ್ಯಧಾಮ ಆಯಿತು, ಕಾಡಿನೊಳಗಿನ ಪೋಡುಗಳು ರಸ್ತೆ ಬದಿಗೆ ಬಂದವು, ಕಡಿದು ಸುಟ್ಟು ರಾಗಿ ಬಿತ್ತುವುದು ನಿಂತಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದಮೇಲೆ ನೆಲ್ಲಿ, ಜೇನು, ಸೀಗೆ, ಅಂಟುವಾಳ, ಪಾಚಿ ತಂದು ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಹಾಕುವುದಕ್ಕೂ ತಡೆ ಬಿತ್ತು. ಇದರಿಂದ ಎಷ್ಟು ಆದಾಯ ಹೋಯಿತು ಅನ್ನುವ ಲೆಕ್ಕ ನಾನೂ ಓದಿದ್ದೆ. ಆದರೆ ನೆಲ್ಲಿಕಾಯಿ ಕಾಲ ಅಂದರೆ ಹೆಂಗಸರು ಗುಂಪುಗುಂಪಾಗಿ, ಗಂಡಸರ ಕಣ್ಣಿಂದ ದೂರ, ಮೂರು ನಾಲ್ಕು ಗಂಟೆ ಒಟ್ಟಿಗೆ ನಡೆಯುವ ಕಾಲ. ಹಾಡುಕೆ ಹಾಡುವುದು, ಅತ್ತೆಯನ್ನು ಬೈಯುವುದು, ಸತ್ತ ಮಗುವನ್ನು ನೆನೆಸಿಕೊಂಡು ಅಳುವುದು ಎಲ್ಲ ಅಲ್ಲೇ ಆಗುತ್ತಿತ್ತು. ಅದು ಯಾವ ಲೆಕ್ಕದಲ್ಲೂ ಇರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು, ಅದು ದೊಡ್ಡ ಗೆಲುವು. ಆದರೆ ಅಷ್ಟರಲ್ಲಿ ಕಾಡು ತುಂಬ ಲಂಟಾನ ಹಬ್ಬಿತ್ತು, ನೆಲ್ಲಿ ಮರಕ್ಕೆ ಬದನಿಕೆ ಹಿಡಿದಿತ್ತು, ಹೆಂಗಸರು ಕಾಫಿ ತೋಟದ ಕೂಲಿಗೆ ಹೋಗುವುದು ರೂಢಿಯಾಗಿತ್ತು. ಮೇಸ್ತ್ರಿ ಮುಂದೆ ಯಾರು ಅಳುತ್ತಾರೆ?

ಹಾಗಾಗಿ ನಾನು ಹೊಸದೇನನ್ನೂ ಕಟ್ಟಲಿಲ್ಲ. ಪೋಡಿನಲ್ಲಿ ಏನಿತ್ತೋ ಅದನ್ನೇ ಒಂದೊಂದಾಗಿ ನೋಡಿದೆ. ಯಾವುದು ಯಾವ ಕೆಲಸಕ್ಕೆ ಅಂತ ಬೇರೆಬೇರೆ ಮಾಡಿದೆ. ಕೇಳಿಸಿಕೊಳ್ಳುವುದು ಅಜ್ಜಿಯರ ಕೆಲಸ. ತೀರ್ಮಾನ ಯಜಮಾನರದ್ದು, ಅದೂ ಆ ಹೆಂಗಸು ಬಾಯಿಬಿಟ್ಟು ಕೇಳಿದರೆ ಮಾತ್ರ. ಸಾವಿನ ದುಃಖ ಸತ್ತವರ ಕಲ್ಲು ಇಡುವ ಕಲ್ಲುಗುಡಿಗೆ ಮತ್ತು ಪೂಜೆ ಮಾಡುವ ತಮ್ಮಡಿಗೆ. ಮಾತ್ರೆ ಡಾಕ್ಟರಿಗೆ. ಇವನ್ನು ಬೆರೆಸಿದಾಗಲೆಲ್ಲ ನಾನು ಸೋತಿದ್ದೇನೆ.

ಅಜ್ಜಿಯರ ವಿಷಯದಲ್ಲೂ ಮೊದಲು ಎಡವಿದೆ. ಜಿಂಬಾಬ್ವೆಯಲ್ಲಿ ಅಜ್ಜಿಯರನ್ನು ಬೆಂಚಿನ ಮೇಲೆ ಕೂರಿಸಿ ಮನಸ್ಸಿನ ಕಷ್ಟ ಕೇಳಿಸಿದ ಕೆಲಸ ನೀವೂ ಕೇಳಿರುತ್ತೀರಿ, ನಾನೂ ಅದನ್ನೇ ತಲೆಯಲ್ಲಿಟ್ಟುಕೊಂಡು ಪೋಡಿಗೆ ಇಬ್ಬರು ಅಜ್ಜಿಯರನ್ನು ಆರಿಸಿ ತಿಂಗಳಿಗೆ 500 ರೂಪಾಯಿ ಕೊಟ್ಟೆ. ಮೂರನೇ ತಿಂಗಳಿಗೆ ಜಗಳ. "ಅವಳಿಗ್ಯಾಕೆ, ನನಗ್ಯಾಕಿಲ್ಲ?" ಎರಡು ಮನೆ ಮಾತು ಬಿಟ್ಟವು. ಜೊತೆಗೆ ಅಜ್ಜಿಯರ ಬಾಯಲ್ಲಿ ಬರುತ್ತಿದ್ದ ಮೊದಲ ಮಾತೇ "ಹೆಣ್ಣಾಗಿ ಉಟ್ಟಮ್ಯಾಕೆ ತಡ್ಕೋಬೇಕು" ಅನ್ನುವುದು. ಅದನ್ನು ಕೇಳುವುದಕ್ಕೆ ಯಾರು ಬರುತ್ತಾರೆ?

ಎಲ್ಲಕ್ಕಿಂತ ದೊಡ್ಡ ತೊಂದರೆ ಗುಟ್ಟು. ಮೂವತ್ತು ನಲವತ್ತು ಮನೆಯ ಪೋಡು. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಅತ್ತೆ ಕಿವಿಗೆ ಬೀಳುತ್ತಿತ್ತು.

ಇಲ್ಲಿ ನನಗೆ ದಾರಿ ತೋರಿಸಿದ್ದು ಕುಲ. ಸೋಲಿಗರಲ್ಲಿ ಒಂದೇ ಕುಲದೊಳಗೆ ಮದುವೆ ಇಲ್ಲ. ಅಂದರೆ ಪ್ರತಿ ಸೊಸೆಯೂ ಬೇರೆ ಕುಲದಿಂದ ಬಂದವಳು. ಅವಳು ಹುಟ್ಟಿದ ಕುಲದ ಅಜ್ಜಿ ಒಬ್ಬಳು ಇದೇ ಪೋಡಿನಲ್ಲೋ ಪಕ್ಕದ ಪೋಡಿನಲ್ಲೋ ಇದ್ದೇ ಇರುತ್ತಾಳೆ. ಆ ಅಜ್ಜಿಗೆ ಈ ಹುಡುಗಿ ತವರಿನ ಮಗಳು. ಅತ್ತೆ ಮನೆಗೆ ಮಾತು ಹೋಗುವುದಿಲ್ಲ, ಹೋದರೆ ತವರಿಗೇ ಅವಮಾನ. ಮತ್ತೆ ತವರಿನ ಮಗಳಿಗೆ 'ತಡ್ಕೋ' ಅನ್ನುವುದಕ್ಕೂ ಬಾಯಿ ಬರುವುದಿಲ್ಲ. ಇಷ್ಟು ಸರಳ ವಿಷಯ. ಹೊರಗಿನಿಂದ ಟ್ರೈನಿಂಗ್ ಕೊಡಲು ಬಂದ ಯಾರೂ ಇದನ್ನು ಹೇಳಿರಲಿಲ್ಲ. ಗೋಡೆಗೆ ಅಂಟಿಸಿದ ಪೋಡಿನ ನಕ್ಷೆಯಲ್ಲಿ ಮನೆಮನೆಗೂ ಗಂಡನ ಕುಲ ಒಂದು ಬಣ್ಣ, ಹೆಂಡತಿಯ ಕುಲ ಇನ್ನೊಂದು ಬಣ್ಣ ಹಚ್ಚುತ್ತಾ ಕೂತಿದ್ದಾಗ ಒಂದು ರಾತ್ರಿ ಹೊಳೆಯಿತು. ಇದರಲ್ಲಿ ನನಗೆ ಹೆಮ್ಮೆ ಇದೆ, ಹೇಳಿಕೊಳ್ಳುತ್ತೇನೆ.

ಆ ಕುಲದಲ್ಲಿ ನಾಲ್ಕೈದು ಅಜ್ಜಿಯರಿದ್ದರೆ ಯಾರನ್ನು ಆರಿಸುವುದು ಅನ್ನುವುದಕ್ಕೂ ನನ್ನದೊಂದು ಪರೀಕ್ಷೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅದು ಒಂದು ಫಾರಂ ಆಗುತ್ತೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಬಂದು ಎರಡು ದಿನ ನನ್ನ ಜೊತೆ ನಡೆದರೆ ತೋರಿಸುತ್ತೇನೆ. ಅಜ್ಜಿಯರು ಕೇಳುವ ಮೊದಲ ಪ್ರಶ್ನೆಯನ್ನೂ ಬರೆಯುವುದಿಲ್ಲ, ಅದು ಅವರದ್ದು.

ದುಡ್ಡು ಹೀಗೆ ಸರಿಮಾಡಿದೆ. ಅಜ್ಜಿಗೆ ಸಂಬಳ ಇಲ್ಲ. ಅವರು ಕೂತ ದಿನಕ್ಕೆ 300 ರೂಪಾಯಿಯಂತೆ ಪೋಡಿನ ಹಬ್ಬದ ಗಂಟಿಗೆ ಹಾಕುತ್ತೇವೆ. ರೊಟ್ಟಿ ಹಬ್ಬಕ್ಕೆ ಆ ದುಡ್ಡು ಬಳಕೆಯಾಗುತ್ತೆ. ಎಲ್ಲರಿಗೂ ಸೇರಿದ ದುಡ್ಡು ಅಂದಮೇಲೆ ಜಗಳ ನಿಂತಿತು. ಒಲೆ ಮುಂದೆ ಕೂರುವಾಗ ರಾಗಿ, ಅವರೆಕಾಳು, ಬೆಲ್ಲ, ಕಾಫಿಪುಡಿ, ಎಲೆ ಅಡಿಕೆ. ಯಜಮಾನರ ಹತ್ತಿರ ಎಲೆ ಅಡಿಕೆ ಇಲ್ಲದೆ ಮಾತು ಶುರು ಮಾಡಬಾರದು. ಹಣ ಕೊಡುತ್ತಿದ್ದ ಒಂದು ಸಂಸ್ಥೆ ಎಲೆ ಅಡಿಕೆ ಖರ್ಚು ಒಪ್ಪಲೇ ಇಲ್ಲ, ಮೂರು ಸಲ ಬಿಲ್ಲು ವಾಪಸ್ ಬಂತು, ಕೊನೆಗೆ ಒಂದೂವರೆ ವರ್ಷ ನಾನೇ ಹಾಕಿದೆ. ಎಲ್ಲ ಸೇರಿ ಒಂದು ಪೋಡಿಗೆ ವರ್ಷಕ್ಕೆ 35ರಿಂದ 40 ಸಾವಿರ. ಎರಡು ಕ್ಯಾಂಪಿಗೆ ಆಗುತ್ತಿದ್ದ ದುಡ್ಡಿಗಿಂತ ಕಡಿಮೆಯೇ ಅದು. ನನ್ನ ಕೈಯಿಂದ ಒಟ್ಟು 60 ಸಾವಿರದ ಮೇಲೆ ಹೋಗಿದೆ. ಮನೆಯಲ್ಲಿ ಬೈದರು.

ಕಲ್ಲುಗುಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು.

ಒಬ್ಬ ಹೆಂಗಸು, ನಲವತ್ತೈದರ ಆಸುಪಾಸು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಮಗ ಬೇರೆ ಜಿಲ್ಲೆಯ ಕಾಫಿ ತೋಟಕ್ಕೆ ಕೂಲಿಗೆ ಹೋದವನು ಅಲ್ಲೇ ತೀರಿಹೋದ. ಹೆಣ ಊರಿಗೆ ಬರಲಿಲ್ಲ, ಅಲ್ಲೇ ಮಣ್ಣು ಮಾಡಿದರು. ಎರಡು ವರ್ಷದಿಂದ ಅವಳಿಗೆ ಸರಿಯಾಗಿ ನಿದ್ದೆ ಇಲ್ಲ. ಒಲೆ ಹಚ್ಚಿ ಅದರ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ನಾನು ಆರು ಸಲ ಕೂತು ಮಾತಾಡಿದೆ, ಡಾಕ್ಟರ್ ಮಾತ್ರೆ ಕೊಟ್ಟರು, ಅರ್ಧ ತಿಂದು ಬಿಟ್ಟಳು. ಅವಳ ತವರು ಕುಲದ ಅಜ್ಜಿ ಬಂದು ಕೂತವರು ಅರ್ಧ ಗಂಟೆ ಏನೂ ಮಾತಾಡಲಿಲ್ಲ. ಆಮೇಲೆ "ಅವ್ನ ಕಲ್ಲು ಮಡಗಿದ್ದೀರಾ?" ಅಂತ ಕೇಳಿದರು. ಇಟ್ಟಿರಲಿಲ್ಲ. ಹೆಣ ಬರಲಿಲ್ಲವಲ್ಲ, ಹಾಗಾಗಿ ಯಾರಿಗೂ ಅದು ತೋಚಿರಲಿಲ್ಲ.

ಸೋಲಿಗರ ಪ್ರತಿ ಕುಲಕ್ಕೂ ಕಾಡಿನೊಳಗೆ ಅದರದ್ದೇ ಎಲ್ಲೆ ಇದೆ. ಅದರಲ್ಲಿ ದೇವರು, ಮಾರಿ, ವೀರು, ಅಬ್ಬಿ (ನೀರಿನ ಸೆಲೆ), ಕಲ್ಲುಗುಡಿ ಅಂತ ಪವಿತ್ರ ಜಾಗಗಳು. ಕಲ್ಲುಗುಡಿ ಅಂದರೆ ಸತ್ತವರು ಇರುವ ಜಾಗ. ಇವಳ ಗಂಡನ ಕುಲದ್ದು ಹಳೇ ಪೋಡಿನ ಹತ್ತಿರ, ಈಗ ಹುಲಿ ಸಂರಕ್ಷಿತ ಪ್ರದೇಶದ ಒಳಗೆ, ಏಳೆಂಟು ಕಿಲೋಮೀಟರ್ ನಡಿಗೆ. ಇಲ್ಲಿ ಯಜಮಾನರು ಬೇಕಾದರು, ನೋಡಿ. ಗ್ರಾಮಸಭೆಯ ಹಕ್ಕುಪತ್ರದ ನಕಲು ಹಿಡಿದು ಅರಣ್ಯದವರ ಹತ್ತಿರ ಮಾತಾಡಿದ್ದು ಅವರೇ, ನಾನು ಹಿಂದೆ ನಿಂತಿದ್ದೆ ಅಷ್ಟೇ. ಒಂದು ವಾರ ಓಡಾಟ ಆಯಿತು. ಬೆಳಿಗ್ಗೆ ಬೇಗ ಹೊರಟೆವು, ಹದಿನೈದು ಜನ. ಲಂಟಾನ ಕಡಿದುಕೊಂಡು ಹೋಗಬೇಕಾಯಿತು, ಒಂದು ಕಡೆ ಆನೆ ಇದ್ದಿದ್ದಕ್ಕೆ ಒಂದು ಗಂಟೆ ಕಾದೆವು. ತಮ್ಮಡಿ ಪೂಜೆ ಮಾಡಿದರು. ಅವಳು ಹಳ್ಳದಿಂದ ತಾನೇ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಕಲ್ಲನ್ನು ಇಟ್ಟಳು. ಆಮೇಲೆ ಅತ್ತಳು. ಅಷ್ಟು ಹೊತ್ತು ಒಬ್ಬರು ಅತ್ತಿದ್ದನ್ನು ನಾನು ನೋಡಿಲ್ಲ. ಯಾರೂ ಸಮಾಧಾನ ಮಾಡಲಿಲ್ಲ. ಬೇರೆ ಹೆಂಗಸರು ಸುತ್ತ ಕೂತು ಹಾಡುಕೆ ಹೇಳಿದರು.

ಆ ರಾತ್ರಿ ಅವಳು ನಿದ್ದೆ ಮಾಡಿದಳು ಅಂತ ಬರೆಯಬೇಕು ಅನ್ನಿಸುತ್ತೆ, ಆದರೆ ಮಾಡಲಿಲ್ಲ. ನಾಲ್ಕೈದು ವಾರ ಬೇಕಾಯಿತು. ಮಾತ್ರೆ ಮತ್ತೆ ಶುರು ಮಾಡಿದಳು, ಈ ಸಲ ಬಿಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಕಲ್ಲು ಇಟ್ಟಿದ್ದರಿಂದ ಮಾತ್ರೆ ಬೇಡವಾಗಲಿಲ್ಲ, ಮಾತ್ರೆ ನುಂಗುವ ಮನಸ್ಸು ಬಂತು. ಆ ದಿನದ ಖರ್ಚು ಜೀಪು, ಪೂಜೆ, ಊಟ ಎಲ್ಲ ಸೇರಿ 4,200 ಅಂತ ನೆನಪು.

ನಿದ್ದೆ ಲೆಕ್ಕ ಇಡುವುದಕ್ಕೆ ಒಂದು ಸಣ್ಣ ಪ್ರಯೋಗ ಮಾಡಿದ್ದೆ, ಅದು ನಿರೀಕ್ಷೆಗಿಂತ ಚೆನ್ನಾಗಿ ಬಂತು. ಓದು ಬರಹ ಬಾರದವರಿಗೆ ಡೈರಿ ಕೊಟ್ಟು ಏನು ಪ್ರಯೋಜನ? ಎರಡು ಬಿದಿರ ಅಂಡೆ, ಒಂದು ಹಿಡಿ ಅಂಟುವಾಳದ ಬೀಜ. ನಿದ್ದೆ ಬಂದ ರಾತ್ರಿಗೆ ಬೀಜ ಈ ಅಂಡೆಗೆ, ಬಾರದ ರಾತ್ರಿಗೆ ಆ ಅಂಡೆಗೆ. ತಿಂಗಳಿಗೊಮ್ಮೆ ಸುರಿದು ಎಣಿಸುತ್ತೇವೆ. ಮಕ್ಕಳು ಆಟಕ್ಕೆ ಬೀಜ ಎತ್ತಿಕೊಂಡು ಹೋಗಿ ಒಂದೆರಡು ಮನೆಯ ಲೆಕ್ಕ ಕೆಟ್ಟಿತು, ಆದ್ದರಿಂದ ಅಂಡೆಯನ್ನು ಮನೆಯ ಸೂರಿಗೆ ಕಟ್ಟಿಸಿ. ಡಾಕ್ಟರಿಗೂ ಇದು ಇಷ್ಟ ಆಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸುವ ಪ್ರಯೋಗ ಮಾತ್ರ ಮೂರು ಪೋಡಿನಲ್ಲಿ ಬಿದ್ದುಹೋಯಿತು. ಅಲ್ಲಿನವರು ಚೆನ್ನಾಗಿಯೇ ಮಾತಾಡುತ್ತಾರೆ, ಆದರೆ ಸಿಗ್ನಲ್ ಸಿಗುವುದು ಬಂಡೆ ಮೇಲೆ, ಆ ಬಂಡೆ ಮೇಲೆ ಸಂಜೆ ಹುಡುಗರ ಗುಂಪು. ರಸ್ತೆ ಬದಿಯ ಒಂದು ಪೋಡಿನಲ್ಲಿ ಮಾತ್ರ ಉಪಯೋಗ ಆಗುತ್ತಿದೆ.

ಗೆಣಸು ಅಗೆಯಲು ಹೋಗುವ ಗುಂಪನ್ನೂ ಮತ್ತೆ ಕಟ್ಟಿ ನೋಡಿದೆ. ವಾರಕ್ಕೊಮ್ಮೆ, ಹೆಂಗಸರೇ, ನೂರೆ ಗೆಣಸಿಗೆ. ಒಂದು ಪೋಡಿನಲ್ಲಿ ಅದು ತಾನಾಗಿಯೇ ನಡೆಯುತ್ತಿದೆ, ನಾನು ಹೋಗದಿದ್ದರೂ. ಇನ್ನೊಂದರಲ್ಲಿ ಕೂಲಿ ಬಿಟ್ಟು ಬರುವುದಕ್ಕೆ ಆಗುವುದಿಲ್ಲ ಅಂದರು. ಅದು ನಿಜವೇ, ಒತ್ತಾಯ ಮಾಡಲಿಲ್ಲ.

ಇನ್ನೊಂದು ಮಾತು. 'ಕೈಕಾಲು ಏಳಲ್ಲ' ಅಂದವರನ್ನೆಲ್ಲ ಮನಸ್ಸಿನ ಲೆಕ್ಕಕ್ಕೆ ಹಾಕಬೇಡಿ. ನಾನು ಮೊದಲು ಹಾಕಿದ್ದೆ. ಹಿಮೋಗ್ಲೋಬಿನ್ ನೋಡಿಸಿದರೆ ಎಂಟು, ಏಳೂವರೆ, ಅಂದರೆ ರಕ್ತಹೀನತೆ. ಸೋಲಿಗರಲ್ಲಿ ಸಿಕಲ್ ಸೆಲ್ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಕೂಡ ಇದೆ, 2023ರಲ್ಲಿ ಶುರುವಾದ ಕೇಂದ್ರದ ಮಿಷನ್ನಿನಲ್ಲಿ ಅದರ ಪರೀಕ್ಷೆ ಪುಕ್ಕಟೆ ಆಗುತ್ತೆ. ಮೊದಲು ರಕ್ತ ನೋಡಿಸಿ, ಥೈರಾಯ್ಡ್ ನೋಡಿಸಿ, ಆಮೇಲೆ ಅಜ್ಜಿ ಹತ್ತಿರ ಕೂರಿಸಿ. ನನ್ನ ಪಟ್ಟಿಯಲ್ಲಿ ಏಳೆಂಟು ಜನ ಬರೀ ಕಬ್ಬಿಣದ ಮಾತ್ರೆಯಲ್ಲೇ ಎದ್ದು ಓಡಾಡಿದರು.

ಮತ್ತೆ ಸಾಯುವ ಮಾತು ಬಂದರೆ ಅಜ್ಜಿ, ಯಜಮಾನ, ತಮ್ಮಡಿ ಯಾರನ್ನೂ ಕಾಯುವ ಹಾಗಿಲ್ಲ. ಇದು ನಮ್ಮ ಗಟ್ಟಿ ನಿಯಮ, ಅಜ್ಜಿಯರಿಗೂ ಮೊದಲ ದಿನವೇ ಹೇಳಿರುತ್ತೇವೆ. ಒಮ್ಮೆ ರಾತ್ರಿ ಹತ್ತೂವರೆಗೆ ಒಬ್ಬ ಅಜ್ಜಿ ಮೊಮ್ಮಗನನ್ನು ಬಂಡೆ ಹತ್ತಿಸಿ ನನಗೆ ಫೋನ್ ಮಾಡಿಸಿದರು. ಜೀಪಿನವನು 3,500 ಕೇಳಿದ, ಕೊಟ್ಟೆ. ಆ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿದೆವು, ಅಜ್ಜಿ ಮೂರು ದಿನ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದರು. ಆ ಹುಡುಗಿ ಈಗ ಅಂಗನವಾಡಿಯಲ್ಲಿ ಸಹಾಯಕಿ.

ಅಂಕಿ ಕೇಳುವವರಿಗೆ, ಬಾಯಿಲೆಕ್ಕದಲ್ಲಿ ಹೇಳುತ್ತೇನೆ. ನಾಲ್ಕು ಪೋಡು, ಮಾತಾಡಿಸಿದ್ದು 140 ಹೆಂಗಸರ ಹತ್ತಿರ. ನಿಜವಾಗಿ ಕಷ್ಟದಲ್ಲಿದ್ದವರು 31. ಕ್ಯಾಂಪಿನಲ್ಲಿ ಇದೇ ಪೋಡುಗಳಿಂದ ಸಿಕ್ಕಿದ್ದು ಎರಡೋ ಮೂರೋ ಅಂತ ಮೇಲೆ ಹೇಳಿದೆನಲ್ಲ. 31ರಲ್ಲಿ ಆರು ತಿಂಗಳಿಗೆ ಇಪ್ಪತ್ತರ ಹತ್ತಿರ ಜನರ ಪಿ.ಎಚ್.ಕ್ಯೂ. ಅಂಕ ಹತ್ತಕ್ಕಿಂತ ಕೆಳಗೆ ಬಂತು. ಒಂಬತ್ತು ಜನಕ್ಕೆ ಮಾತ್ರೆ ಬೇಕಾಯಿತು, ಅವರಲ್ಲಿ ಏಳು ಜನ ಬಿಡದೆ ತೆಗೆದುಕೊಂಡರು. ಮೊದಲು ಮಂಗಳವಾರದ ಕ್ಲಿನಿಕ್ಕಿಗೆ ಕಳಿಸಿದವರು ಎರಡನೇ ಸಲ ಹೋಗುತ್ತಿದ್ದುದೇ ಅಪರೂಪ. ಈಗ ತವರಿನ ಅಜ್ಜಿ ಜೊತೆಗೆ ಬಸ್ ಹತ್ತುತ್ತಾರೆ, ಅಷ್ಟೇ ವ್ಯತ್ಯಾಸ. ಐದಾರು ಜನಕ್ಕೆ ನಮ್ಮಿಂದ ಏನೂ ಆಗಲಿಲ್ಲ. ಅವರ ಮನೆಯಲ್ಲಿ ಕುಡಿತ ನಿಲ್ಲಲಿಲ್ಲ, ಅದಕ್ಕೆ ನನ್ನ ಹತ್ತಿರ ಇನ್ನೂ ದಾರಿ ಇಲ್ಲ. ಮೊದಲ ಸಲ ನ್ಯಾಯದಲ್ಲಿ ಅವಮಾನ ಆದವಳು ಮಾತ್ರ ಎರಡು ವರ್ಷ ಆದಮೇಲೆ ತಾನೇ ಯಜಮಾನರ ಮುಂದೆ ಹೋಗಿ "ನಂಗೆ ಬುಡಿಸ್ಕೊಡಿ" ಅಂತ ಕೇಳಿದಳು. ಸೋಲಿಗರಲ್ಲಿ ಹೆಣ್ಣು ಗಂಡನನ್ನು ಬಿಡುವುದಕ್ಕೂ ಮತ್ತೆ ಕೂಡಿಕೊಳ್ಳುವುದಕ್ಕೂ ದಾರಿ ಇದೆ. ಅರ್ಧ ಗಂಟೆಯಲ್ಲಿ ತೀರ್ಮಾನ ಆಯಿತು. ಆವತ್ತು ಅವಳ ಪಕ್ಕದಲ್ಲಿ ತವರಿನ ಇಬ್ಬರು ಅಜ್ಜಿಯರು ಕೂತಿದ್ದರು, ನಾನು ಹೊರಗೆ ಮರದ ಕೆಳಗಿದ್ದೆ.

ಇದನ್ನೇ ಎಚ್.ಡಿ. ಕೋಟೆ ಕಡೆ ಜೇನುಕುರುಬರ ಒಂದು ಪುನರ್ವಸತಿ ಕಾಲೋನಿಯಲ್ಲಿ ಮಾಡಲು ಹೋಗಿ ಕೈಸುಟ್ಟುಕೊಂಡೆ. ನಾಲ್ಕೈದು ಹಾಡಿಗಳವರನ್ನು ಒಂದೇ ಕಡೆ ತಂದು ಹಾಕಿದ್ದಾರೆ, ಒಬ್ಬ ಯಜಮಾನನ ಮಾತು ಇನ್ನೊಬ್ಬರು ಕೇಳುವುದಿಲ್ಲ, ಯಾವ ಅಜ್ಜಿ ಯಾರಿಗೆ ಏನಾಗಬೇಕು ಅನ್ನುವುದೇ ಕಲಸಿಹೋಗಿದೆ. ಸೋಲಿಗರ ಲೆಕ್ಕ ಅಲ್ಲಿ ನಡೆಯಲಿಲ್ಲ. ನಾಲ್ಕು ತಿಂಗಳು, 18 ಸಾವಿರ ಹೋಯಿತು. ಅಲ್ಲಿನ ಹುಡುಗಿಯೊಬ್ಬಳು ನರ್ಸಿಂಗ್ ಓದಿ ಬಂದಿದ್ದಾಳೆ, ಈಗ ಅವಳು ಹಾಡಿ ಹಾಡಿಯ ನೆಂಟಸ್ತಿಕೆ ಬರೆದುಕೊಳ್ಳುತ್ತಿದ್ದಾಳೆ. ಅದು ಮುಗಿಯುವವರೆಗೆ ನಾನು ಅಲ್ಲಿ ಕೈ ಹಾಕುವುದಿಲ್ಲ.

ಬೆಟ್ಟದಲ್ಲಿ ಮುಂದಿನ ತಿಂಗಳು ಇನ್ನೆರಡು ಪೋಡು ಸೇರಿಸಿಕೊಳ್ಳಬೇಕು. ಕುಲದ ನಕ್ಷೆ ಅರ್ಧ ಆಗಿದೆ. ಹಳೇ ಅಜ್ಜಿಯರಲ್ಲಿ ಮೂವರು ಹೊಸ ಪೋಡಿಗೆ ತಾವೇ ಬಂದು ಹೇಳಿಕೊಡುತ್ತೇವೆ ಅಂದಿದ್ದಾರೆ, ಆದರೆ ಅವರಿಗೆ ಮಂಡಿನೋವು, ಜೀಪು ಬೇಕೇ ಬೇಕು. ಮೊದಲು ದಿನಕ್ಕೆ 1,800 ತೆಗೆದುಕೊಳ್ಳುತ್ತಿದ್ದ ಜೀಪಿನವನು ಈಗ 2,500 ಕೇಳುತ್ತಿದ್ದಾನೆ. ನಾಳೆ ಹೋಗಿ 2,200ಕ್ಕೆ ಮಾತಾಡಬೇಕು.